ಎಂಟಿವಿ ಮುಚ್ಚಿತಂತೆ, ನಿಜವೇ? ಹಾಡಿನ ವಾಹಿನಿಗಳನ್ನು ಮುಗಿಸಿದವರು ಯಾರು?

ಸೊರಬದವನು
ಹೊಸ ವರ್ಷದಿಂದ ಈಚೆಗೆ ನಾನಿರುವ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಒಂದೇ ಸಂದೇಶ ಸುತ್ತುತ್ತಿದೆ: 44 ವರ್ಷಗಳ ಬಳಿಕ ಎಂಟಿವಿ ಶಾಶ್ವತವಾಗಿ ಬಂದ್. ಕೆಳಗೆ ಅಳುವ ಮುಖಗಳ ಸಾಲು. ಅಳುತ್ತಿರುವವರಲ್ಲಿ ಮುಕ್ಕಾಲು ಪಾಲು ಜನ ಇತ್ತೀಚಿನ ವರ್ಷಗಳಲ್ಲಿ ಆ ವಾಹಿನಿಯನ್ನು ಐದು ನಿಮಿಷವೂ ನೋಡಿರಲಾರರು. ನಾನೂ ನೋಡಿಲ್ಲ.

ಮೊದಲನೆಯದಾಗಿ, ಸುದ್ದಿ ನಿಜವೇ? ಎರಡನೆಯದಾಗಿ, 90ರ ದಶಕದಲ್ಲಿ ಕಾಲೇಜು ಹುಡುಗರನ್ನು ಟಿವಿ ಮುಂದಿನಿಂದ ಏಳಲು ಬಿಡದಿದ್ದ ಎಂಟಿವಿ ಮತ್ತು ಚಾನೆಲ್ ವಿ ಹೀಗೆ ಹೇಳಹೆಸರಿಲ್ಲದಂತಾದದ್ದು ಏಕೆ? ನನ್ನ ಪ್ರಕಾರ ಯೂಟ್ಯೂಬ್ ಬಂದಿತು, ಕಥೆ ಮುಗಿಯಿತು. ಬೇರೆ ಕಾರಣ ಗೊತ್ತಿದ್ದವರು ಹೇಳಿ.

ಸುದ್ದಿಮನೆಯ ಬೆಂಚು
ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2025ರ ಡಿಸೆಂಬರ್ 31ರಂದು ಬ್ರಿಟನ್ನಿನಲ್ಲಿ ಮುಚ್ಚಿದ್ದು ಎಂಟಿವಿಯ ಹಾಡಿನ ಉಪವಾಹಿನಿಗಳು: ಎಂಟಿವಿ ಮ್ಯೂಸಿಕ್, ಎಂಟಿವಿ 80ಸ್, ಎಂಟಿವಿ 90ಸ್, ಕ್ಲಬ್ ಎಂಟಿವಿ, ಎಂಟಿವಿ ಲೈವ್. ಬೇರೆ ಕೆಲವು ದೇಶಗಳಲ್ಲಿಯೂ ಇಂಥ ಕಡಿತ ನಡೆದಿದೆ. ಅಮೆರಿಕದ ಮೂಲ ವಾಹಿನಿಗೆ ಬೀಗ ಬಿದ್ದಿಲ್ಲ. ಬ್ರಿಟನ್ನಿನ ಮುಖ್ಯ ವಾಹಿನಿಯೂ ಉಳಿದಿದೆ. ಅದರಲ್ಲಿ ಬರುವುದು ರಿಯಾಲಿಟಿ ಕಾರ್ಯಕ್ರಮಗಳು.

ನಮ್ಮ ದೇಶದ ಲೆಕ್ಕ ಬೇಕೆಂದರೆ, ಚಾನೆಲ್ ವಿ 2018ರಲ್ಲಿಯೇ ಹೋಯಿತು. ವಿಎಚ್1, ಎಂಟಿವಿ ಬೀಟ್ಸ್ 2025ರ ಮಾರ್ಚ್‌ನಲ್ಲಿ ಹೋದವು. ಆಗ ಯಾವ ಗುಂಪಿನಲ್ಲಿಯೂ ಅಳುವ ಮುಖ ಕಾಣಲಿಲ್ಲ.

ಪಡಸಾಲೆ ಪದ್ದಕ್ಕ
ಹಾಗಾದರೆ ಹಾಡು ಹಾಕುತ್ತಿದ್ದ ವಾಹಿನಿಗಳು ಮುಚ್ಚಿದವು, ಹಾಡು ಹಾಕದ ಸಂಗೀತ ವಾಹಿನಿ ಉಳಿಯಿತು. ಬಹಳ ಚೆನ್ನಾಗಿದೆ.

ತಾರೀಖು ತಿಮ್ಮಯ್ಯ
ಸೊರಬದವರೇ, ಯೂಟ್ಯೂಬ್ ಮೇಲೆ ಆರೋಪ ಹೊರಿಸುವ ಮುನ್ನ ಇಸವಿಗಳನ್ನು ಒಮ್ಮೆ ಸಾಲಾಗಿ ಬರೆದುಕೊಳ್ಳಿ.

ಅಮೆರಿಕದಲ್ಲಿ ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ಮೊದಲು ಹಾಕಿದ್ದು ಬಗಲ್ಸ್ ಎಂಬ ತಂಡದ ಹಾಡು. ವಿಡಿಯೊ ಬಂದು ರೇಡಿಯೊ ತಾರೆಯನ್ನು ಕೊಂದಿತು ಎಂಬುದೇ ಅದರ ಪಲ್ಲವಿ. ಹನ್ನೊಂದು ವರ್ಷ ತುಂಬುವ ಮೊದಲೇ, 1992ರಲ್ಲಿ, ‘ದಿ ರಿಯಲ್ ವರ್ಲ್ಡ್’ ಬಂದಿತು. ಪರಸ್ಪರ ಪರಿಚಯವಿಲ್ಲದ ಏಳು ಜನರನ್ನು ಒಂದೇ ಮನೆಯಲ್ಲಿ ಇರಿಸಿ ಅವರ ಜಗಳ, ಪ್ರೀತಿಯನ್ನೆಲ್ಲ ಚಿತ್ರೀಕರಿಸುವುದು. ಅದರಲ್ಲಿ ಸಂಗೀತ ಎಲ್ಲಿದೆ? ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ, ಹದಿಮೂರು ವರ್ಷ ತಡವಾಗಿ.

ಭಾರತದಲ್ಲಿಯೂ ಅದೇ. ಎಂಟಿವಿಯ ರಿಯಾಲಿಟಿ ಕಾರ್ಯಕ್ರಮ ರೋಡೀಸ್ ಶುರುವಾದದ್ದು 2003ರಲ್ಲಿ. ಆಗ ನಮ್ಮ ಊರುಗಳಲ್ಲಿ ಇಂಟರ್ನೆಟ್ ಎಂದರೆ ಸೈಬರ್ ಕೆಫೆಗೆ ಹೋಗಿ ಪಿಯುಸಿ ಫಲಿತಾಂಶ ನೋಡುವುದು. ಜನಸಾಮಾನ್ಯರು ಡೇಟಾ ಲೆಕ್ಕ ಹಾಕದೆ ಮೊಬೈಲಿನಲ್ಲಿ ವಿಡಿಯೊ ನೋಡತೊಡಗಿದ್ದು 2016ರಲ್ಲಿ ಜಿಯೊ ಬಂದ ಮೇಲೆ. ಚಾನೆಲ್ ವಿ ಅದಕ್ಕೂ ನಾಲ್ಕು ವರ್ಷ ಮೊದಲು, 2012ರಲ್ಲಿ, ಹಾಡುಗಳನ್ನು ಪೂರ್ತಿ ನಿಲ್ಲಿಸಿ ಕಾಲೇಜು ಹುಡುಗ ಹುಡುಗಿಯರ ಧಾರಾವಾಹಿಗಳಿಗೆ ಇಳಿದಿತ್ತು. ನಾವು ಅವರನ್ನು ಬಿಡುವ ಮೊದಲೇ ಅವರು ಹಾಡನ್ನು ಬಿಟ್ಟಿದ್ದರು.

ಸೊರಬದವನು
ಇಸವಿಗಳೇನೋ ಸರಿ ಸರ್. ಆದರೆ 2016ರಲ್ಲಿ ಚಾನೆಲ್ ವಿ ಧಾರಾವಾಹಿಗಳನ್ನೆಲ್ಲ ಕೈಬಿಟ್ಟು ಮತ್ತೆ ಹಾಡಿಗೆ ಮರಳಿತ್ತಲ್ಲ? ಎರಡೇ ವರ್ಷದಲ್ಲಿ ಮುಗಿಯಿತು. ಆ ಎರಡನೇ ಸಲ ಕೊಂದದ್ದು ಯಾರು?

ತಾರೀಖು ತಿಮ್ಮಯ್ಯ
ಎರಡನೇ ಸಲ ಯೂಟ್ಯೂಬೇ. ಆದರೆ ಅಷ್ಟರಲ್ಲಿ ಸಾಯಲು ಉಳಿದಿದ್ದಾದರೂ ಏನು? ಹೆಸರೊಂದೇ.

ಮಾಜಿ ಕೇಬಲ್ಲು
ಈ ವಿಷಯದಲ್ಲಿ ನನಗೆ ಸ್ವಲ್ಪ ಮಾತಾಡುವ ಹಕ್ಕಿದೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇಬಲ್ ನಡೆಸಿದವನು ನಾನು.

ಮೊದಲು ನಮ್ಮದು ವಿಡಿಯೊ ಕ್ಯಾಸೆಟ್ಟಿನ ಸಿನಿಮಾ ಹಾಕುವ ಕೇಬಲ್. ಆಮೇಲೆ ಮಹಡಿಯ ಮೇಲೆ ದೊಡ್ಡ ಡಿಶ್ ಕೂರಿಸಿದೆವು. ಏಷ್ಯಾಸ್ಯಾಟ್ 1 ಉಪಗ್ರಹದಿಂದ ಸ್ಟಾರ್ ಪ್ಲಸ್, ಬಿಬಿಸಿ, ಪ್ರೈಮ್ ಸ್ಪೋರ್ಟ್ಸ್, ಎಂಟಿವಿ, ಜೊತೆಗೆ ಒಂದು ಚೀನೀ ವಾಹಿನಿ ಬರುತ್ತಿದ್ದವು. 1994ರಲ್ಲಿ ಎಂಟಿವಿ ಇದ್ದ ಜಾಗದಲ್ಲಿ ಚಾನೆಲ್ ವಿ ಕಾಣಿಸಿಕೊಂಡಿತು. ಹಾಸ್ಟೆಲಿನ ಹುಡುಗರು ನಾನೇ ಏನೋ ಕೆಡಿಸಿದ್ದೇನೆಂದು ತಿಳಿದು ಅಂಗಡಿಗೆ ಬಂದು ಗಲಾಟೆ ಮಾಡಿದರು. ವಾಸ್ತವದಲ್ಲಿ ಸ್ಟಾರ್ ಮತ್ತು ಎಂಟಿವಿ ಬೇರೆಯಾಗಿದ್ದವು. ಹಿಂದಿನ ವರ್ಷವಷ್ಟೇ ಸ್ಟಾರ್‌ನ ಹೆಚ್ಚಿನ ಪಾಲನ್ನು ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಕೊಂಡಿದ್ದರು. ಎಂಟಿವಿ ಹೋದರೆ ಹೋಗಲಿ ಎಂದು ಅವರು ಸ್ವಂತದ್ದೊಂದನ್ನು ಕಟ್ಟಿಕೊಂಡರು, ಎಂಟಿವಿಯ ನಿರೂಪಕರಲ್ಲಿ ಕೆಲವರು ಇದರಲ್ಲಿಯೇ ಮುಂದುವರಿದರು. ಎಂಟಿವಿ ಇಂಡಿಯಾ ಎಂದು ಅದು ಮರಳಿ ಬಂದದ್ದು 1996ರಲ್ಲಿ. ಮೊದಲು ಇಂಗ್ಲಿಷ್ ಹಾಡುಗಳನ್ನೇ ನಂಬಿಕೊಂಡಿತ್ತು. ಅಷ್ಟರಲ್ಲಿ ಚಾನೆಲ್ ವಿ ಹಿಂದಿ ಹಾಡು, ಹಿಂದಿ ಇಂಗ್ಲಿಷ್ ಬೆರೆಸಿದ ಮಾತು ಎರಡರಿಂದಲೂ ಗೆದ್ದಾಗಿತ್ತು. ಒಂದೆರಡು ವರ್ಷದಲ್ಲಿ ಎಂಟಿವಿಯೂ ಅದೇ ದಾರಿಗೆ ಬಂದಿತು.

ಇನ್ನು ಯಾರೂ ಹೇಳದ ಮಾತು. ಆಗಿನ ಬಹಳಷ್ಟು ಟಿವಿಗಳಲ್ಲಿ ಎಂಟೋ ಹನ್ನೆರಡೋ ಗುಂಡಿಗಳು. ನಮ್ಮಲ್ಲಿ ಬರುತ್ತಿದ್ದದ್ದು ಅದಕ್ಕಿಂತ ಹೆಚ್ಚು ವಾಹಿನಿಗಳು. ದೂರದರ್ಶನ, ಉದಯ, ಸನ್, ಜೀ, ನಮ್ಮದೇ ಸಿನಿಮಾ ವಾಹಿನಿ, ಕ್ರಿಕೆಟ್ಟಿಗೊಂದು. ಇವು ಮೊದಲ ಗುಂಡಿಗಳಲ್ಲಿ ಇರಲೇಬೇಕು. ಹಾಡಿನ ವಾಹಿನಿ ಹಳೇ ಟಿವಿ ಹಿಡಿಯಲಾಗದ ಬ್ಯಾಂಡಿಗೆ ಹೋಗುತ್ತಿತ್ತು. ಮುಂದೆ ಒಳ್ಳೆಯ ಜಾಗಕ್ಕಾಗಿ ವಾಹಿನಿಗಳೇ ಕೇಬಲ್ ಕಂಪನಿಗಳಿಗೆ ಹಣ ಕೊಡುವ ಪದ್ಧತಿ ಬಂದಿತು. ಆ ಹಣವೆಲ್ಲ ಮೇಲಿನವರಿಗೆ. ಕಂಬ ಹತ್ತಿ ತಂತಿ ಎಳೆಯುವ ನಮ್ಮಂಥವರು ಅದನ್ನು ಕಣ್ಣಿನಿಂದಲೂ ನೋಡಲಿಲ್ಲ. ಯುವಕರು ನೋಡುವ ವಾಹಿನಿಗೆ ಮನೆಯಲ್ಲಿ ರಿಮೋಟ್ ಹಿಡಿದ ಹಿರಿಯರ ಬೆಂಬಲ ಎಂದೂ ಇರಲಿಲ್ಲ. ಉದಯ ಹತ್ತು ನಿಮಿಷ ನಿಂತರೆ ಜನ ಮನೆ ಬಾಗಿಲಿಗೆ ಬರುತ್ತಿದ್ದರು. 2018ರಲ್ಲಿ ಚಾನೆಲ್ ವಿ ನಿಂತಾಗ ಒಂದು ಫೋನ್ ಕೂಡ ಬರಲಿಲ್ಲ.

ಕವಲುದಾರಿ
ಕೇಬಲ್ಲಣ್ಣ, ಪರೀಕ್ಷೆ ಸಮಯದಲ್ಲಿ ತಂದೆ ತಾಯಂದಿರು ಬಂದು ‘ಅದೊಂದು ವಾಹಿನಿಯನ್ನು ತೆಗೆದುಬಿಡಿ’ ಎಂದು ಗುಟ್ಟಾಗಿ ಹೇಳಿ ಹೋಗುತ್ತಿದ್ದರೇ? ನಮ್ಮ ತಂದೆಯವರ ಮೇಲೆ ನನಗೆ ಇಂದಿಗೂ ಅನುಮಾನವಿದೆ.

ಮಾಜಿ ಕೇಬಲ್ಲು
ನಿಮ್ಮ ತಂದೆಯವರು ಯಾರೆಂದು ಗೊತ್ತಿಲ್ಲ, ಆದರೆ ಅನುಮಾನ ಸರಿಯಾಗಿಯೇ ಇದೆ.

ನಾಲ್ಕನೇ ಬ್ಲಾಕಿನವಳು
ಬೆಂಗಳೂರಿನಲ್ಲಿ ಕಥೆ ಬೇರೆಯಿತ್ತು. ಇಲ್ಲಿ ಈ ವಾಹಿನಿಗಳು ನಮ್ಮವೇ ಎನ್ನುವಂತಿದ್ದವು. ನಿಖಿಲ್ ಚಿನಪ್ಪ ಇಲ್ಲಿಯ ಹುಡುಗ, ಎಂಟಿವಿಯ ನಿರೂಪಕರ ಹುಡುಕಾಟದಲ್ಲಿ ಗೆದ್ದು ಹೋದವರು. 1997ರ ಮಿಸ್ ಇಂಡಿಯಾ ನಫೀಸಾ ಜೋಸೆಫ್ ಕೂಡ ಇಲ್ಲಿಯವರೇ. ನಮ್ಮ ಕಾಲೇಜಿನಲ್ಲಿ ಅರ್ಧ ಜನಕ್ಕೆ ಇಂಜಿನಿಯರ್ ಆಗುವುದಕ್ಕಿಂತ ವಿಜೆ ಆಗುವ ಆಸೆ ಹೆಚ್ಚಿತ್ತು. ಎರಡು ಹಾಡುಗಳ ನಡುವೆ ಕ್ಯಾಮೆರಾಕ್ಕೆ ಮುಖ ಒಡ್ಡಿ ಹರಟುವುದಕ್ಕೆ ಸಂಬಳ ಸಿಗುತ್ತದೆ ಎಂದರೆ ಯಾರಿಗೆ ಬೇಡ?

ಆ ವಾಹಿನಿಗಳು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಯಾರೂ ಎತ್ತಿಲ್ಲ. ಸಿನಿಮಾದ ಹಂಗಿಲ್ಲದ ಹಾಡುಗಾರರಿಗೆ ಮುಖ ಕೊಟ್ಟವು ಅವು. ಅಲೀಷಾ ಚಿನಾಯ್, ದಲೇರ್ ಮೆಹಂದಿ, ಲಕ್ಕಿ ಅಲಿ, ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿಯ ಕಲೋನಿಯಲ್ ಕಸಿನ್ಸ್, ಎಲ್ಲರೂ ಆ ಪರದೆಯಿಂದಲೇ ಮನೆಮಾತಾದವರು. 2002ರಲ್ಲಿ ಚಾನೆಲ್ ವಿ ಸ್ಪರ್ಧೆ ನಡೆಸಿ ‘ವಿವಾ’ ಎಂಬ ಐದು ಹುಡುಗಿಯರ ತಂಡವನ್ನೇ ಕಟ್ಟಿತು, ಮರುವರ್ಷ ‘ಆಸ್ಮಾ’. ಇಂದು ಕನ್ನಡದಲ್ಲಿಯೂ ಹಾಡುವ ನೀತಿ ಮೋಹನ್ ಆಸ್ಮಾದಿಂದ ಬಂದವರು. ನೇಹಾ ಭಸೀನ್ ‘ವಿವಾ’ ತಂಡದವರು. ರಿಯಾಲಿಟಿ ಎಂದರೆ ಮೂಗು ಮುರಿಯುವವರಿಗೆ ಹೇಳುತ್ತಿದ್ದೇನೆ: ಆ ರಿಯಾಲಿಟಿಯಲ್ಲಿ ಸಂಗೀತವಿತ್ತು.

ಹೊಸಪೇಟೆ ಬಿಸಿಲು
ಮೇಡಂ, ‘ನಮ್ಮವೇ’ ಎಂದಿರಲ್ಲ, ಯಾರ ನಮ್ಮವು? ಆ ವಾಹಿನಿಗಳಲ್ಲಿ ಒಂದು ಕನ್ನಡ ಹಾಡು ಬಂದದ್ದನ್ನು ನಾನಂತೂ ಕಾಣಲಿಲ್ಲ. ಪಂಜಾಬಿ ಬರುತ್ತಿತ್ತು, ಸ್ಪ್ಯಾನಿಷ್ ಕೂಡ ಬರುತ್ತಿತ್ತು. ಬೆಂಗಳೂರಿನಿಂದ ನಿರೂಪಕರನ್ನು ಆರಿಸಿಕೊಂಡು ಹೋದರು, ಇಲ್ಲಿಯ ಭಾಷೆಯನ್ನು ಇಲ್ಲಿಯೇ ಬಿಟ್ಟುಹೋದರು. ನಮಗೆ ದೂರದರ್ಶನದ ಚಿತ್ರಮಂಜರಿ, ಆಮೇಲೆ ಉದಯ. ಯು2 ಬಂದ ಮೇಲಲ್ಲವೇ ಕನ್ನಡದ ಹುಡುಗರಿಗೆಂದು ಒಂದು ಹಾಡಿನ ವಾಹಿನಿ ಸಿಕ್ಕಿದ್ದು? ಅದು ಉದಯ ಮ್ಯೂಸಿಕ್ ಆಯಿತು. ಪಬ್ಲಿಕ್ ಮ್ಯೂಸಿಕ್, ರಾಜ್ ಮ್ಯೂಸಿಕ್ಸ್ ಎಲ್ಲ ಬಂದವು. ನೀವು ಅಳುತ್ತಿರುವ ಕಾಲ ನಮ್ಮ ಮನೆಯ ಟಿವಿಯಲ್ಲಿ ನಡೆದೇ ಇಲ್ಲ.

ನಾಲ್ಕನೇ ಬ್ಲಾಕಿನವಳು
ನಾನೆಲ್ಲಿ ಅತ್ತೆ? ಇದ್ದದ್ದನ್ನು ಹೇಳಿದೆ. ಆದರೆ ಒಂದು ಕೇಳುತ್ತೇನೆ: ಆ ಕಾಲದಲ್ಲಿ ಅವರಿಗೆ ಕೊಡಲು ಸಿನಿಮಾದ್ದಲ್ಲದ ಕನ್ನಡ ವಿಡಿಯೊ ನಮ್ಮ ಬಳಿ ಎಷ್ಟಿತ್ತು? ಭಾವಗೀತೆಗಳ ಕ್ಯಾಸೆಟ್ ಮನೆಮನೆಯಲ್ಲಿತ್ತು, ಅದಕ್ಕೆ ಚಿತ್ರ ಮಾಡಿಸಿದವರು ಎಷ್ಟು ಜನ?

ಹೊಸಪೇಟೆ ಬಿಸಿಲು
ಸಿನಿಮಾ ಹಾಡು ರಾಶಿ ಇತ್ತಲ್ಲ! ಹಿಂದಿಯದು ಹಾಕಿದರು, ಕನ್ನಡದ್ದೇಕೆ ಬೇಡವಾಯಿತು? ‘ನಿಮ್ಮದು ನಮ್ಮ ಶೈಲಿಗೆ ಹೊಂದುವುದಿಲ್ಲ’ ಎಂಬ ನೆಪ ಎಂಟಿವಿಗೆ ಹೊಸದಲ್ಲ. ಅಮೆರಿಕದಲ್ಲಿ ಮೊದಲ ಒಂದೆರಡು ವರ್ಷ ಕಪ್ಪು ಗಾಯಕರ ವಿಡಿಯೊಗಳನ್ನು ಹಾಕಲು ಇದೇ ನೆಪ ಹೇಳಿ ಹಿಂದೇಟು ಹಾಕಿದ್ದರು, ನಮ್ಮದು ರಾಕ್ ವಾಹಿನಿ ಎನ್ನುತ್ತಿದ್ದರು. 1983ರಲ್ಲಿ ಗಾಯಕ ಡೇವಿಡ್ ಬೋವಿ ಎಂಟಿವಿಯದೇ ಸಂದರ್ಶನದಲ್ಲಿ ಕುಳಿತು, ಕಪ್ಪು ಕಲಾವಿದರು ಇಲ್ಲಿ ಏಕೆ ಕಾಣುವುದಿಲ್ಲ ಎಂದು ಪ್ರಶ್ನಿಸಿದರು. ನಿರೂಪಕನಿಗೆ ಬೆವರಿಳಿಯಿತು. ಮೈಕೆಲ್ ಜಾಕ್ಸನ್ ಹಾಡುಗಳನ್ನು ಹಾಕಿದ ಮೇಲೆ ವಾಹಿನಿಗೇ ಲಾಭವಾಯಿತು.

ತಾರೀಖು ತಿಮ್ಮಯ್ಯ
ಆ ಇತಿಹಾಸ ನಿಜ, ಹೋಲಿಕೆ ಸ್ವಲ್ಪ ಜಾಸ್ತಿಯಾಯಿತು. ಅಲ್ಲಿ ಚರ್ಮದ ಬಣ್ಣ ನೋಡಿ ಬಾಗಿಲು ಹಾಕಿದ್ದರು. ಇಲ್ಲಿ ಹಿಂದಿ ಹಾಕಿದರೆ ಜಾಹೀರಾತು ಹೆಚ್ಚು ಬರುತ್ತದೆ ಎಂಬ ಲೆಕ್ಕ. ಎರಡೂ ತಪ್ಪೇ ಇರಬಹುದು, ಒಂದೇ ತಪ್ಪಲ್ಲ.

ಮಲ್ಲಿಗೆ ಮೊಳ
ಕನ್ನಡ ಇರಲಿ, ದಕ್ಷಿಣದವರೆಂದರೆ ಅವರಿಗೆ ನಗೆಪಾಟಲು. ಚಾನೆಲ್ ವಿಯ ಕ್ವಿಕ್ ಗನ್ ಮುರುಗನ್ ನೆನಪಿದೆಯೇ? ದಕ್ಷಿಣದ ಉಚ್ಚಾರಣೆಯ ಸಸ್ಯಾಹಾರಿ ಕೌಬಾಯ್. 2009ರಲ್ಲಿ ಅದೇ ಪಾತ್ರದ ಸಿನಿಮಾ ಕೂಡ ಬಂದಿತು. ಆಮೇಲೆ ಲೋಲಾ ಕುಟ್ಟಿ: ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ದಪ್ಪ ಕನ್ನಡಕ, ಮಲಯಾಳಿ ಇಂಗ್ಲಿಷ್. ನಾವಿರುವುದೇ ಹೀಗೆ ಎಂದು ಮುಂಬೈಯವರು ತಿಳಿದುಕೊಂಡರು.

ಕವಲುದಾರಿ
ಲೋಲಾ ಕುಟ್ಟಿಯ ಬಗ್ಗೆ ಒಂದು ಮಾತೂ ಆಡಬೇಡಿ! ಆ ಪಾತ್ರ ಮಾಡಿದ ಅನುರಾಧಾ ಮೆನನ್ ಸ್ವತಃ ಮಲಯಾಳಿ ಮೂಲದವರು. ಎದುರಿಗೆ ಕುಳಿತ ಬಾಲಿವುಡ್ ತಾರೆಯ ಗತ್ತನ್ನು ಎರಡು ಪ್ರಶ್ನೆಯಲ್ಲಿ ಇಳಿಸುತ್ತಿದ್ದರು. ಗೇಲಿಗೆ ಸಿಕ್ಕುತ್ತಿದ್ದದ್ದು ಎದುರಿನವರು.

ಮಲ್ಲಿಗೆ ಮೊಳ
ನಿಮಗೆ ಹಾಗೆ ಕಂಡಿತು. ನನ್ನನ್ನು ಪುಣೆಯ ಹಾಸ್ಟೆಲಿನಲ್ಲಿ ಒಂದು ವರ್ಷ ಪೂರ್ತಿ ಅದೇ ಹೆಸರಿನಿಂದ ಕರೆದರು. ನಾನು ಶಿವಮೊಗ್ಗದವಳು ಎಂದು ಹೇಳಿ ಹೇಳಿ ಸಾಕಾಯಿತು.

ಜಾಹೀರಾತು ಜೋಯಿಸ
ನಾನು ಒಂದು ಕಾಲದಲ್ಲಿ ವಾಹಿನಿಗಳಿಗೆ ಜಾಹೀರಾತು ಮಾರುವ ಕೆಲಸದಲ್ಲಿದ್ದವನು. ಮೇಲಿನ ಚರ್ಚೆಗೆ ದುಡ್ಡಿನ ಕಡೆಯಿಂದ ಎರಡು ಮಾತು.

ಎಂಟಿವಿಯ ಮೂಲ ಉಪಾಯ ಅದ್ಭುತವಾಗಿತ್ತು. ಹಾಡಿನ ಕಂಪನಿಗಳು ಪ್ರಚಾರಕ್ಕಾಗಿ ವಿಡಿಯೊ ಮಾಡಿ ಪುಕ್ಕಟೆ ಕೊಡುತ್ತಿದ್ದವು. ಕಾರ್ಯಕ್ರಮದ ಖರ್ಚು ಬಹುತೇಕ ಇಲ್ಲ, ಜಾಹೀರಾತಿನ ಹಣ ಮಾತ್ರ ಒಳಕ್ಕೆ. ಇಲ್ಲಿಯೂ ಸಿನಿಮಾ ಬಿಡುಗಡೆಗೆ ಮುನ್ನ ನಿರ್ಮಾಪಕರೇ ಹಾಡು ಹಿಡಿದುಕೊಂಡು ಬರುತ್ತಿದ್ದರು. ಆದರೆ ಹಳೆಯ ಹಾಡುಗಳನ್ನು ಹಾಕಬೇಕೆಂದರೆ ಹಕ್ಕಿನ ಹಣ ಕೊಡಬೇಕು. ಹೀಗಾಗಿ ಎಲ್ಲ ವಾಹಿನಿಗಳಲ್ಲಿಯೂ ಅದೇ ವಾರದ ಅದೇ ಹಾಡು. ಬಿ4ಯು ಮ್ಯೂಸಿಕ್, ಇಟಿಸಿ, 2007ರಲ್ಲಿ 9ಎಕ್ಸ್‌ಎಂ, ಎಷ್ಟೊಂದು ಬಂದವು! ಸರಕು ಒಂದೇ ಆದ ಮೇಲೆ ಎಂಟಿವಿಯಲ್ಲಿಯೇ ನೋಡಬೇಕೆಂಬ ಹರಕೆ ಯಾರಿಗಿದೆ?

ಅದಕ್ಕಿಂತ ದೊಡ್ಡ ತೊಂದರೆ ಟಿಆರ್‌ಪಿ. ಹಾಡು ಇಷ್ಟವಾಗದಿದ್ದರೆ ನೋಡುವವನು ಆ ಕ್ಷಣವೇ ಬೇರೆ ಗುಂಡಿ ಒತ್ತುತ್ತಾನೆ. ಧಾರಾವಾಹಿ ನೋಡುವವರು ಜಾಹೀರಾತನ್ನೂ ಸಹಿಸಿಕೊಂಡು ಕೂರುತ್ತಾರೆ, ಮುಂದೇನಾಗುತ್ತದೆ ಎಂಬ ಕುತೂಹಲವಿರುತ್ತದೆ. ಹಾಡಿನಲ್ಲಿ ‘ಮುಂದೇನು’ ಇಲ್ಲ. ರೋಡೀಸ್ ಮೊದಲ ಋತುವಿನಲ್ಲಿ ಚೆನ್ನೈಯಿಂದ ಹಿಮಾಚಲದ ಚೈಲ್‌ವರೆಗಿನ ಮೋಟಾರ್ ಸೈಕಲ್ ಪ್ರಯಾಣವಾಗಿತ್ತು, ಹೀರೊ ಹೋಂಡಾ ಹೆಸರೇ ಕಾರ್ಯಕ್ರಮದ ಮುಂದೆ. ಜಾಹೀರಾತುದಾರನಿಗೆ ತನ್ನ ಬೈಕ್ ಅರ್ಧ ಗಂಟೆ ಓಡುವುದು ಬೇಕೋ, ಎರಡು ಹಾಡುಗಳ ನಡುವೆ ಹತ್ತು ಸೆಕೆಂಡ್ ಬೇಕೋ? ನಾನು ಮಾರುವವನಾಗಿ ಯಾವುದನ್ನು ಮಾರುತ್ತಿದ್ದೆ ಎಂದು ಹೇಳಬೇಕಿಲ್ಲ. ಆಮೇಲೆ ಬೈಕಿಗಿಂತ ಬೈಗುಳವೇ ಹೆಚ್ಚು ಮಾರಾಟವಾಯಿತು. ರಘು ರಾಮ್ ಆಯ್ಕೆ ಸುತ್ತಿನಲ್ಲಿ ಹುಡುಗರನ್ನು ಗದರುವುದನ್ನು ನೋಡಲೆಂದೇ ಜನ ಕೂರುತ್ತಿದ್ದರು. 2010ರಲ್ಲಿ ಅಮೆರಿಕದ ಎಂಟಿವಿ ತನ್ನ ಲಾಂಛನದ ಕೆಳಗಿದ್ದ ‘ಮ್ಯೂಸಿಕ್ ಟೆಲಿವಿಷನ್’ ಎಂಬ ಅಕ್ಷರಗಳನ್ನೇ ತೆಗೆದುಹಾಕಿತು. ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ.

ಪಡಸಾಲೆ ಪದ್ದಕ್ಕ
ಜೋಯಿಸರೇ, ಕೋಕ್ ಸ್ಟುಡಿಯೊ? 2011ರಲ್ಲಿ ಎಂಟಿವಿಯೇ ತಂದ ಹಾಡಿನ ಕಾರ್ಯಕ್ರಮ, ಅಂಥದ್ದೇ ಆದ ಅನ್‌ಪ್ಲಗ್ಡ್ ಕೂಡ ಅದೇ ವರ್ಷ. ಪೂರ್ತಿ ಬೆನ್ನು ತಿರುಗಿಸಿದರು ಎನ್ನುವುದು ಅನ್ಯಾಯ.

ಜಾಹೀರಾತು ಜೋಯಿಸ
ಅಕ್ಕ, ಪಾನೀಯದ ಕಂಪನಿ ಹಣ ಕೊಟ್ಟಿತು, ವಾಹಿನಿ ಹಾಡಿಸಿತು. ಅದನ್ನು ನೀವು ನೋಡಿದ್ದು ಎಲ್ಲಿ? ನಿಜ ಹೇಳಿ, ಯೂಟ್ಯೂಬಿನಲ್ಲಿ ತಾನೇ?

ಪಡಸಾಲೆ ಪದ್ದಕ್ಕ
ಇದಕ್ಕೆ ನಾನು ಉತ್ತರಿಸುವುದಿಲ್ಲ.

ಎರಡನೇ ಪಿಯುಸಿ
ನನಗೆ 17 ವರ್ಷ. ವಿಜೆ ಎಂದರೆ ಏನು ಕೆಲಸ ಎಂದು ಇಡೀ ಚರ್ಚೆ ಓದಿದ ಮೇಲೂ ಗೊತ್ತಾಗಲಿಲ್ಲ. ಹಾಡು ಬೇಕಾದರೆ ಹಾಡು ಹಾಕಿಕೊಳ್ಳಬಹುದಲ್ಲ, ನಡುವೆ ಒಬ್ಬರು ಬಂದು ಏಕೆ ಮಾತಾಡಬೇಕು?

ನಾಲ್ಕನೇ ಬ್ಲಾಕಿನವಳು
ಪುಟ್ಟಾ, ನಮಗೆ ಯಾವ ಹಾಡು ಬೇಕೆಂದು ನಮಗೇ ಗೊತ್ತಿರಲಿಲ್ಲ. ಬೇರೆಯವರು ಆರಿಸಿ ಹಾಕಿದ್ದನ್ನು ಕಾದು ನೋಡುತ್ತಿದ್ದೆವು. ಬೇಡದ ನಾಲ್ಕು ಹಾಡುಗಳ ನಡುವೆ ಹೆಸರೇ ಕೇಳದ ಒಂದು ತಂಡ ಸಿಕ್ಕಿಬಿಡುತ್ತಿತ್ತು. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ನೋಡಲು ನೆರೆದ ಜನರಲ್ಲಿ ಎಷ್ಟೋ ಮಂದಿಗೆ ಆ ರುಚಿ ಹತ್ತಿದ್ದು ಕೇಬಲ್ ಟಿವಿಯಿಂದಲೇ.

ಎರಡನೇ ಪಿಯುಸಿ
ಅದನ್ನೇ ಈಗ ಆ್ಯಪ್ ಮಾಡುತ್ತದೆ ಆಂಟಿ. ಒಂದು ಹಾಡು ಮುಗಿದರೆ ಇನ್ನೊಂದನ್ನು ಅದೇ ಆರಿಸಿ ಹಾಕುತ್ತದೆ.

ನಾಲ್ಕನೇ ಬ್ಲಾಕಿನವಳು
ಅದು ನಿನಗೆ ಈಗಾಗಲೇ ಇಷ್ಟವಾದದ್ದರ ಅಣ್ಣತಮ್ಮಂದಿರನ್ನೇ ತಂದು ನಿಲ್ಲಿಸುತ್ತದೆ. ಮತ್ತು ದಯವಿಟ್ಟು ಅಕ್ಕ ಎನ್ನು.

ಹೊಸಪೇಟೆ ಬಿಸಿಲು
ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ? ಮುಂಬೈಯ ಕಚೇರಿಯೊಂದರಲ್ಲಿ ಕುಳಿತು ಹಾಡು ಆರಿಸುವವರು ಹೋದ ಮೇಲೆ ಕನ್ನಡಕ್ಕೆ ಒಳ್ಳೆಯದೇ ಆಯಿತು. ಚಂದನ್ ಶೆಟ್ಟಿ, ಆಲ್ ಓಕೆ ಇವರ ರ್‍ಯಾಪ್ ಹಾಡುಗಳು ಯಾವ ವಾಹಿನಿಯ ಕೃಪೆಯಿಂದ ಊರೂರಿಗೆ ಮುಟ್ಟಿದವು? ನೇರವಾಗಿ ಯೂಟ್ಯೂಬ್. ಸಿನಿಮಾದವರೂ ಈಗ ಮೊದಲು ಲಿರಿಕಲ್ ವಿಡಿಯೊವನ್ನು ಲಹರಿಯಲ್ಲೋ ಆನಂದ್ ಆಡಿಯೊದಲ್ಲೋ ಬಿಡುತ್ತಾರೆ, ಟಿವಿಗೆ ಬರುವುದು ಆಮೇಲೆ. ಹಾಡಿನ ಕಂಪನಿಗಳೇ ವಾಹಿನಿಗಳಾಗಿಬಿಟ್ಟಿವೆ.

ಕವಲುದಾರಿ
ರಘು ದೀಕ್ಷಿತ್ ಅವರನ್ನು ಮರೆತಿರಿ. ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಹಿಡಿದು ದೇಶವಿದೇಶಗಳಲ್ಲಿ ಹಾಡಿದವರು. ಅವರ ಮೊದಲ ಆಲ್ಬಂ ಬಂದ 2008ರಲ್ಲಿ ಎಂಟಿವಿ ಏನು ಮಾಡುತ್ತಿತ್ತು ಗೊತ್ತೇ? ಹುಡುಗ ಹುಡುಗಿಯರು ಜೋಡಿ ಹುಡುಕುವ ರಿಯಾಲಿಟಿ ಕಾರ್ಯಕ್ರಮ ಸ್ಪ್ಲಿಟ್ಸ್‌ವಿಲ್ಲಾ ಶುರು ಮಾಡಿತು.

ತಾರೀಖು ತಿಮ್ಮಯ್ಯ
ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಇಸವಿ ಇದು.

ಮಾಜಿ ಕೇಬಲ್ಲು
ಯು2 ಮಾತು ಬಂದದ್ದರಿಂದ ನೆನಪಾಯಿತು. ನೇರಪ್ರಸಾರಕ್ಕೆ ಫೋನ್ ಮಾಡುವವರು ಟಿವಿ ಸದ್ದು ಕಡಿಮೆ ಮಾಡದೆ ಮಾತಾಡುತ್ತಿದ್ದರು. ‘ಮೊದಲು ನಿಮ್ಮ ಟಿವಿ ವಾಲ್ಯೂಮ್ ಕಡಿಮೆ ಮಾಡಿ’ ಎಂದು ನಿರೂಪಕಿ ಹೇಳುವುದು, ಅದೇ ಮಾತು ಅವರ ಟಿವಿಯಿಂದ ತಡವಾಗಿ ಕೇಳುವುದು, ಅವರು ಅದಕ್ಕೆ ಮತ್ತೆ ‘ಹಲೋ’ ಎನ್ನುವುದು. ಆಮೇಲೆ ಊಟ ಆಯಿತೇ, ಯಾವ ಊರು, ಹಾಡನ್ನು ಯಾರಿಗೆ ಅರ್ಪಿಸುತ್ತೀರಿ? ಅಷ್ಟರಲ್ಲಿ ಹಾಡಿಗೆ ಸಮಯವೇ ಇಲ್ಲ, ಒಂದು ಚರಣಕ್ಕೆ ಕತ್ತರಿ.

ಮಲ್ಲಿಗೆ ಮೊಳ
ಪಲ್ಲವಿ ಮುಗಿಯುವ ಮೊದಲೇ ಇನ್ನೊಂದು ಫೋನ್. ಆದರೂ ನಮ್ಮ ಅತ್ತೆಯ ಮಗ ಪ್ರತಿ ಸಂಜೆ ಪ್ರಯತ್ನಿಸುತ್ತಿದ್ದ. ಲೈನ್ ಸಿಕ್ಕಿದ ದಿನ ಗಾಬರಿಯಲ್ಲಿ ಸಿನಿಮಾದ ಹೆಸರು ಮರೆತು ‘ನಿಮಗಿಷ್ಟವಾದ ಯಾವುದಾದರೂ ಹಾಕಿ’ ಎಂದುಬಿಟ್ಟ.

ಸೊರಬದವನು
ಚರ್ಚೆ ಎಲ್ಲಿಂದ ಎಲ್ಲಿಗೋ ಹೋಗಿದೆ, ಹೋಗಲಿ. ಸುದ್ದಿಮನೆಯವರ ತಿದ್ದುಪಡಿಯನ್ನು ಗುಂಪುಗಳಿಗೆ ಕಳುಹಿಸಿದೆ. ಒಬ್ಬರು ‘ಇರಲಿ ಬಿಡಿ, ಭಾವನೆ ಮುಖ್ಯ’ ಎಂದು ಉತ್ತರಿಸಿದ್ದಾರೆ. ಇನ್ನೊಂದು ಕೇಳಬೇಕಿತ್ತು: 1998–99ರ ಸುಮಾರಿನಲ್ಲಿ ಅಣ್ಣ ವಿಸಿಆರ್‌ನಲ್ಲಿ ಚಾನೆಲ್ ವಿ ಕಾರ್ಯಕ್ರಮಗಳನ್ನು ಮುದ್ರಿಸಿಟ್ಟ ಒಂದಷ್ಟು ಕ್ಯಾಸೆಟ್ಟುಗಳಿವೆ. ಮಲೆನಾಡಿನ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿದೆ. ಪ್ಲೇಯರಿಗೆ ಹಾಕಿ ನೋಡಲೇ?

ಮಾಜಿ ಕೇಬಲ್ಲು
ಹಾಕಲೇಬೇಡಿ! ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡರೆ ಪ್ಲೇಯರ್ ಕೆಡುತ್ತದೆ, ಆಮೇಲೆ ಹಾಕುವ ಒಳ್ಳೆಯ ಟೇಪಿಗೂ ಅಂಟುತ್ತದೆ. ಮೊದಲು ಒಣ ಜಾಗದಲ್ಲಿ, ನೆಟ್ಟಗೆ ನಿಲ್ಲಿಸಿ ಇಡಿ. ಬಿಸಿಲಿಗೆ ಇಡಬೇಡಿ. ಮದುವೆ ವಿಡಿಯೊ ಮಾಡುತ್ತಿದ್ದ ಹಳೇ ಸ್ಟುಡಿಯೊದವರನ್ನು ವಿಚಾರಿಸಿ, ಕೆಲವರ ಬಳಿ ಟೇಪ್ ಒರೆಸುವ ಸಾಧನ ಇನ್ನೂ ಇದೆ. ಕೊಡುವಾಗ ಮೊದಲು ಒಂದನ್ನೇ ಕೊಟ್ಟು ನೋಡಿ, ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ.

ಕವಲುದಾರಿ
ಅದರಲ್ಲಿ ಜಾವೇದ್ ಜಾಫ್ರಿಯ ಟೈಮೆಕ್ಸ್ ಟೈಮ್‌ಪಾಸ್ ಇದ್ದರೆ ನನಗೊಂದು ಪ್ರತಿ. ಜಾಹೀರಾತುಗಳನ್ನು ಕತ್ತರಿಸಬೇಡಿ, ಅವೂ ಬೇಕು.